ಇಪ್ಪತ್ತೈದು ವರ್ಷದ ಕರಾರು

ಚುನಾವಣೆ ಬಂತು, ಆಳುವ ಪಕ್ಷ ಸೋತಿತು, ಜನ ಗೆದ್ದರು ಎಂದು ಸಂಭ್ರಮಿಸುವವರಿಗೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಕಥೆ ಹೇಳಬೇಕೆನಿಸುತ್ತದೆ. ನಗರಸಭೆಯ ಗದ್ದುಗೆ ಕೈ ಬದಲಿಸಿದ ಮಾತ್ರಕ್ಕೆ ಊರಿನ ಆಡಳಿತ ಜನರ ಕೈಗೆ ಬಂತೆಂದು ನಾನು ನಂಬುವವನಲ್ಲ. ಜನರಿಗೆ ಪೂರ್ತಿ ತೋರಿಸದೆ, ಮುಂದೆ ಬರುವ ಸಭೆಗಳ ಕೈಯನ್ನೂ ಕಟ್ಟಿಹಾಕುವ ಕರಾರಿಗೆ ರುಜು ಮಾಡುವ ಅಧಿಕಾರ ಯಾವ ಚುನಾಯಿತ ಸಭೆಗೂ ಇರಬಾರದು ಎಂಬುದು ನನ್ನ ವಾದ.

ಉಕ್ಕಿಗೆ, ಚಾಕು-ಚೂರಿಗೆ ಹೆಸರಾದ ಶೆಫೀಲ್ಡಿನ ನಗರಸಭೆ 1926ರಿಂದ ಬಹುಪಾಲು ಲೇಬರ್ ಪಕ್ಷದ ಕೈಯಲ್ಲಿತ್ತು. ಹಾಗೆಂದು ಅದು ಯಾರ ಪಿತ್ರಾರ್ಜಿತವೂ ಅಲ್ಲ. 1999ರಲ್ಲಿಯೂ 2008ರಲ್ಲಿಯೂ ಲಿಬರಲ್ ಡೆಮಾಕ್ರಾಟರು ಅದನ್ನು ಗೆದ್ದರು. 2011ರಲ್ಲಿ ಲೇಬರ್ ಮರಳಿ ಪಡೆಯಿತು. 84 ಸ್ಥಾನಗಳಲ್ಲಿ ಮೂರನೆಯ ಒಂದು ಭಾಗಕ್ಕೆ, ನಾಲ್ಕು ವರ್ಷಗಳಲ್ಲಿ ಮೂರು ಬಾರಿ, ಚುನಾವಣೆ ನಡೆಯುವುದು ಅಲ್ಲಿಯ ರೂಢಿ. ಇದಕ್ಕಿಂತ ಹೆಚ್ಚಿನ ಪ್ರಜಾಪ್ರಭುತ್ವ ಇನ್ನೇನು ಬೇಕು?

ಆದರೆ 2012ರಲ್ಲಿ ಆ ಸಭೆ ರಸ್ತೆಗಳ ದುರಸ್ತಿಗಾಗಿ ಏಮಿ ಎಂಬ ಕಂಪನಿಯೊಡನೆ ಒಂದು ಕರಾರು ಮಾಡಿಕೊಂಡಿತು. ಅವಧಿ 25 ವರ್ಷ. ಮೊತ್ತ ಸುಮಾರು 220 ಕೋಟಿ ಪೌಂಡು. ಬೀದಿಯ ಮರಗಳೂ ಅದರೊಳಗೆ ಸೇರಿದವು. ಗಟ್ಟಿಮುಟ್ಟಾದ ಮರಗಳೂ ಸೇರಿ ಸಾವಿರಗಟ್ಟಲೆ ಉರುಳಿದವು. 2016ರ ನವೆಂಬರಿನಲ್ಲಿ ರಸ್ಲಿಂಗ್ಸ್ ರಸ್ತೆಯ ನಿವಾಸಿಗಳನ್ನು ಬೆಳಕು ಹರಿಯುವ ಮುನ್ನವೇ ಎಬ್ಬಿಸಿ, ಪೊಲೀಸರ ಕಾವಲಿನಲ್ಲಿ ಕೊಡಲಿ ಹಾಕಿಸಿದರು. ಅಡ್ಡ ಬಂದ ಇಬ್ಬರು ವೃದ್ಧೆಯರನ್ನು ಬಂಧಿಸಿದರು. ಇಂತಿಷ್ಟು ಮರ ಕಡಿಯಬೇಕೆಂಬ ಗುರಿಯೇ ಇಲ್ಲವೆಂದು ನಗರಸಭೆ ಹೇಳುತ್ತಿತ್ತು. 2018ರಲ್ಲಿ ಕರಾರಿನ ಮುಚ್ಚಿಟ್ಟ ಭಾಗ ಹೊರಬಂದಾಗ ಕಂಡ ಸಂಖ್ಯೆ 17,500! ಊರಿನ ಬೀದಿಮರಗಳಲ್ಲಿ ಹೆಚ್ಚುಕಡಿಮೆ ಅರ್ಧ.

ವರ್ಷವರ್ಷವೂ ಮನಸ್ಸು ಬದಲಿಸಿದರೆ ಯಾವ ಕಂಪನಿ ಬಂಡವಾಳ ಹಾಕೀತು ಎನ್ನುವುದು ವ್ಯವಹಾರ ಬಲ್ಲವರ ಪ್ರಶ್ನೆ. ಯೋಜನೆ ದೀರ್ಘವಾಗಿರಲಿ, ಬೇಡವೆನ್ನುವುದಿಲ್ಲ, ಅದರಲ್ಲಿ ಗುಟ್ಟೇಕೆ? ಈ ನಡುವಿನ ಚುನಾವಣೆಗಳಲ್ಲಿ ಜನ ಅದೇ ಪಕ್ಷವನ್ನು ಗೆಲ್ಲಿಸಲಿಲ್ಲವೇ ಎಂದು ಕೇಳುವವರೂ ಉಂಟು. ಗೆಲ್ಲಿಸಿದರು, ನಿಜ. ಕರಾರಿನಲ್ಲಿರುವುದನ್ನು ಬಚ್ಚಿಟ್ಟು ಪಡೆದ ಮತವನ್ನು ಒಪ್ಪಿಗೆಯೆನ್ನುವುದು, ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದವನ್ನು ದಾನಪತ್ರವೆಂದಂತೆ.

ಶೆಫೀಲ್ಡಿನ ಜನ ಕಡೆಗೆ ಇದನ್ನು ಅರಿತರು. ಹತ್ತು ಮಂದಿಯ ಸಂಪುಟ ತೀರ್ಮಾನಿಸಿ ಉಳಿದವರು ನೋಡುತ್ತ ಕೂರುವ ಪದ್ಧತಿಯೇ ಬೇಡವೆಂದು, ಸಹಿ ಸಂಗ್ರಹಿಸಿ ಜನಮತಗಣನೆ ಮಾಡಿಸಿದರು. 2021ರ ಮೇ 6ರಂದು ಮತ ಹಾಕಿದವರಲ್ಲಿ ನೂರಕ್ಕೆ 65 ಮಂದಿ, ಎಲ್ಲ ಪಕ್ಷದವರೂ ಕೂತು ತೀರ್ಮಾನಿಸುವ ಸಮಿತಿ ಪದ್ಧತಿಯನ್ನು ಆರಿಸಿದರು. ಅದೇ ದಿನ ಲೇಬರ್ ಪಕ್ಷ ತನ್ನ ಬಹುಮತವನ್ನೂ ಕಳೆದುಕೊಂಡಿತು. ಎರಡರಲ್ಲಿ ದೊಡ್ಡ ಸಂಗತಿ ಮೊದಲನೆಯದೇ. ನಗರಸಭೆ ಜನರನ್ನೂ ನ್ಯಾಯಾಲಯವನ್ನೂ ದಾರಿ ತಪ್ಪಿಸಿತೆಂದು 2023ರಲ್ಲಿ ಸರ್ ಮಾರ್ಕ್ ಲೋಕಾಕ್ ಅವರ ವಿಚಾರಣಾ ವರದಿ ಹೇಳಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನಿ. ಕೋಟೆಗೊಂದು ಬಾಗಿಲಿದೆಯೆಂದಾದರೂ ತಿಳಿಯಿತು.

ಪಕ್ಷ ಬದಲಾದೀತು, ಪದ್ಧತಿಯೂ ಬದಲಾದೀತು. ಆದರೆ 2012ರ ಆ ರುಜುವಿಗೆ 25 ವರ್ಷ ತುಂಬುವುದು 2037ಕ್ಕೆ. ಅಂದು ತೊಟ್ಟಿಲಲ್ಲಿದ್ದ ಮಗು ಆ ಹೊತ್ತಿಗೆ ಮತದಾರನಾಗಿ ಏಳು ವರ್ಷವಾದರೂ ಆಗಿರುತ್ತದೆ. ಆ ಮಗುವಿನ ಮತವನ್ನು ಮುಂಗಡವಾಗಿಯೇ ಒತ್ತೆಯಿಡಲು ಪುರಪಿತೃಗಳಿಗೆ ಅಪ್ಪಣೆ ಕೊಟ್ಟವರು ಯಾರು?