ಗುರಿ ಮುಟ್ಟಿದೆ, ಆದರೆ ಸಂಜೆಯ ವಿದ್ಯುತ್ ಎಲ್ಲಿಂದ?

2025ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರ ಒಂದು ಸಂತಸದ ಸುದ್ದಿಯನ್ನು ಪ್ರಕಟಿಸಿತು. ದೇಶದ ಒಟ್ಟು ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಈಗ ಸೌರ, ಪವನ, ಜಲ ಮತ್ತು ಅಣು ಮೂಲದ್ದು. 2030ಕ್ಕೆ ಮುಟ್ಟಬೇಕಾಗಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದ್ದೇವೆ ಎಂಬುದೇ ಆ ಸುದ್ದಿ. ಇದು ಸಣ್ಣ ಸಾಧನೆಯೇನಲ್ಲ. ಆದರೂ ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಮೂರನೇ ಎರಡು ಭಾಗಕ್ಕೂ ಹೆಚ್ಚು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಇವೆರಡೂ ಒಟ್ಟಿಗೆ ಸತ್ಯವಾಗುವುದು ಹೇಗೆ?

ನಮ್ಮ ರಾಜ್ಯದ ಎರಡು ಸ್ಥಾವರಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಉತ್ತರ ಕನ್ನಡದ ಕೈಗಾ ಅಣು ಸ್ಥಾವರದ್ದು 880 ಮೆಗಾವ್ಯಾಟ್. ಗುರಿಯ ಲೆಕ್ಕದಲ್ಲಿ ಪಾವಗಡವೇ ದೊಡ್ಡದು. ಆದರೆ ಸೂರ್ಯ ರಾತ್ರಿ ಇರುವುದಿಲ್ಲ, ಮೋಡ ಕವಿದರೆ ಹಗಲಲ್ಲೂ ಉತ್ಪಾದನೆ ಕುಸಿಯುತ್ತದೆ. ಸೌರ ಸ್ಥಾವರ ವರ್ಷವಿಡೀ ಸರಾಸರಿ ತನ್ನ ಸಾಮರ್ಥ್ಯದ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟೀತು. ಅಣು ಸ್ಥಾವರ ಶೇ. 80ರಷ್ಟು ಕೊಡಬಲ್ಲದು. ಹೀಗೆ ಲೆಕ್ಕ ಹಾಕಿದರೆ ಪಾವಗಡದಿಂದ ವರ್ಷಕ್ಕೆ ಸುಮಾರು 400 ಕೋಟಿ ಯೂನಿಟ್, ಕೈಗಾದಿಂದ ಸುಮಾರು 600 ಕೋಟಿ ಯೂನಿಟ್ ಸಿಗುತ್ತದೆ. ಗುರಿ ಎಣಿಸುವುದು ಮೆಗಾವ್ಯಾಟ್. ಮನೆಗೆ ಬೇಕಾಗಿರುವುದು ಯೂನಿಟ್.

ಬೆಂಗಳೂರಿನ ಪೂರ್ವ ಭಾಗಕ್ಕೆ ಈ ವ್ಯತ್ಯಾಸ ತುಂಬಾ ಮುಖ್ಯ. ಕರಾವಳಿಯಿಂದ ಹೋದ ಎಷ್ಟೋ ಕುಟುಂಬಗಳು ಹಲಸೂರು, ಇಂದಿರಾನಗರ, ಕೆ.ಆರ್. ಪುರದಲ್ಲಿ ನೆಲೆಸಿವೆ. ಅಲ್ಲಿ ಕತ್ತಲಾಗುವ ಹೊತ್ತಿಗೆ ಶಿವಾಜಿನಗರದ ಅಂಗಡಿಗಳಿಗೆ ದೀಪ ಬೇಕು, ಫ್ಲ್ಯಾಟ್‌ಗಳಿಗೆ ಲಿಫ್ಟ್ ಬೇಕು, ಬೈಯಪ್ಪನಹಳ್ಳಿ ದಾಟಿ ವೈಟ್‌ಫೀಲ್ಡ್‌ಗೆ ಹೋಗುವ ಮೆಟ್ರೋ ರೈಲು ಓಡಬೇಕು. ಕುಡಿಯುವ ಕಾವೇರಿ ನೀರು ಕೂಡ ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪುಗಳ ಬಲದಲ್ಲೇ ಮೇಲೇರಿ ಬರಬೇಕು. ಸೌರ ವಿದ್ಯುತ್ ಇಳಿಯುವ ಹೊತ್ತಿಗೇ ನಗರದ ಸಂಜೆ ಶುರುವಾಗುತ್ತದೆ.

ಈ ಕೊರತೆಯನ್ನು ಇಷ್ಟು ದಿನ ತುಂಬಿಸಿದ್ದು ಮುಖ್ಯವಾಗಿ ನಮ್ಮ ಜಲಾಶಯಗಳು ಮತ್ತು ಕಲ್ಲಿದ್ದಲು. 2023ರಲ್ಲಿ ಮಳೆ ಕೈಕೊಟ್ಟಾಗ ಏನಾಯಿತೆಂಬುದು ನೆನಪಿರಬಹುದು. ಅಕ್ಟೋಬರ್ ತಿಂಗಳಲ್ಲೇ ವಿದ್ಯುತ್ ಅಭಾವ ತಲೆದೋರಿತು. ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ಸಾಲದ ರೂಪದಲ್ಲಿ ವಿದ್ಯುತ್ ತರಬೇಕಾಯಿತು. ಸೌರ ಮತ್ತು ಪವನ ವಿದ್ಯುತ್ತಿನಲ್ಲಿ ದೇಶದ ಮುಂಚೂಣಿ ರಾಜ್ಯಗಳಲ್ಲಿ ಒಂದಾದ ಕರ್ನಾಟಕಕ್ಕೇ ಈ ಸ್ಥಿತಿ.

ಹಾಗಾದರೆ ಬೇರೆ ದಾರಿಗಳೇನು?

ಮೊದಲನೆಯದು ಕಲ್ಲಿದ್ದಲು. ಇದು ಬೇಕೆಂದಾಗ ಸಿಗುತ್ತದೆ. ಆದರೆ ಇದರ ಬೆಲೆ ಕರಾವಳಿಯವರಿಗೆ ಗೊತ್ತು. ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವ್ಯಾಟ್ ಸ್ಥಾವರದ ಸುತ್ತಲಿನ ಕೃಷಿಕರು ಹಾರುಬೂದಿ, ಉಪ್ಪುನೀರಿನ ಬಗ್ಗೆ ವರ್ಷಗಟ್ಟಲೆ ದೂರಿದ್ದಾರೆ. ವಿದೇಶದಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲಿನ ದರವೂ ನಮ್ಮ ಕೈಯಲ್ಲಿಲ್ಲ.

ಎರಡನೆಯದು ಅಣುಶಕ್ತಿ. 2047ಕ್ಕೆ 100 ಗಿಗಾವ್ಯಾಟ್ ಎಂಬ ಗುರಿಯನ್ನು 2025ರ ಕೇಂದ್ರ ಬಜೆಟ್ ಇಟ್ಟಿದೆ. ಆಗ ದೇಶದಲ್ಲಿದ್ದದ್ದು ಒಂಬತ್ತು ಗಿಗಾವ್ಯಾಟ್‌ಗೂ ಕಡಿಮೆ. ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ ಎರಡು ಹೊಸ ಘಟಕಗಳಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2017ರಲ್ಲಿ. ಅವುಗಳಿಂದ ಇನ್ನೂ ಒಂದು ಯೂನಿಟ್ ಕೂಡ ಬಂದಿಲ್ಲ. ಅಣುಶಕ್ತಿ ನಮ್ಮ ಮಕ್ಕಳ ಕಾಲಕ್ಕೆ ನೆರವಾದೀತು, ಬರುವ ಬೇಸಿಗೆಗೆ ಆಗದು.

ಮೂರನೆಯದು ಸಂಗ್ರಹ. ಹಗಲಿನ ಸೌರ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು ಒಂದು ವಿಧಾನ. 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಇದೇ. ಆದರೆ ಅದಕ್ಕೆ ಸಿಂಗಳೀಕಗಳ ಅಭಯಾರಣ್ಯದ ಕಾಡು ಬೇಕು. ಲಿಂಗನಮಕ್ಕಿ ಅಣೆಕಟ್ಟಿಗಾಗಿ 1960ರ ದಶಕದಲ್ಲಿ ಮನೆಮಠ ಬಿಟ್ಟವರಲ್ಲಿ ಹಲವರಿಗೆ ಜಮೀನಿನ ಹಕ್ಕುಪತ್ರ ಇನ್ನೂ ಸಿಗದಿರುವಾಗ ಶರಾವತಿಯಿಂದ ಮತ್ತೊಂದು ತ್ಯಾಗ ಕೇಳುವುದು ಎಷ್ಟು ಸರಿ? ಬ್ಯಾಟರಿ ಸಂಗ್ರಹಕ್ಕೆ ಕಾಡು ಕಡಿಯಬೇಕಿಲ್ಲ, ಉಪಕೇಂದ್ರಗಳ ಪಕ್ಕದಲ್ಲೇ ಇಡಬಹುದು, ಬೆಲೆಯೂ ಇಳಿಯುತ್ತಿದೆ. ಮೊದಲ ಗಮನ ಇದಕ್ಕೆ ಸಲ್ಲಬೇಕು.

ಯಾವ ದಾರಿ ಹಿಡಿದರೂ ಭಾರ ಯಾರ ಮೇಲೆ ಎಂಬ ಪ್ರಶ್ನೆ ಉಳಿಯುತ್ತದೆ. ಪಾವಗಡದಲ್ಲಿ ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿ ನಿಗದಿಯಾಯಿತು. ಅದೇ ಹೊಲದಲ್ಲಿ ದುಡಿಯುತ್ತಿದ್ದ, ಸ್ವಂತ ಜಮೀನಿಲ್ಲದ ಕೂಲಿಯವರಿಗೆ ಗೇಣಿಯ ಪಾಲಿಲ್ಲ. ನಗರದಲ್ಲೂ ಹಾಗೆಯೇ. 2024ರ ಪಿಎಂ ಸೂರ್ಯಘರ್ ಯೋಜನೆಯಡಿ ತಾರಸಿ ಸೌರ ಘಟಕಕ್ಕೆ 78,000 ರೂಪಾಯಿವರೆಗೆ ಸಹಾಯಧನವಿದೆ. ಆದರೆ ಶಿವಾಜಿನಗರದ ಓಣಿಯಲ್ಲಿ ಬಾಡಿಗೆಗಿರುವವರಿಗೆ ತಾರಸಿ ಎಲ್ಲಿದೆ? ಅವರಿಗೆ ನೆರವಾಗಿರುವುದು 2023ರ ಗೃಹಜ್ಯೋತಿ ಮಾತ್ರ.

ಆದ್ದರಿಂದ ನವೀಕರಿಸಬಹುದಾದ ಇಂಧನದ ಗುರಿಯನ್ನು ಕೈಬಿಡಬೇಕಾಗಿಲ್ಲ, ಅದನ್ನು ಅಳೆಯುವ ರೀತಿ ಬದಲಾಗಬೇಕು. ಎಷ್ಟು ಮೆಗಾವ್ಯಾಟ್ ನಿಲ್ಲಿಸಿದೆವು ಎಂಬುದರ ಜೊತೆಗೆ ಸಂಜೆ ಏಳು ಗಂಟೆಗೆ ಎಷ್ಟು ಯೂನಿಟ್ ಕೊಟ್ಟೆವು, ಅದಕ್ಕಾಗಿ ಯಾರ ನೆಲ ಹೋಯಿತು, ಅವರಿಗೇನು ಸಿಕ್ಕಿತು ಎಂಬ ಲೆಕ್ಕವನ್ನೂ ಸರಕಾರ ವರ್ಷ ವರ್ಷ ಜನರ ಮುಂದಿಡಲಿ. ಬ್ಯಾಟರಿಗಳು ಸಾಕಷ್ಟಾಗುವವರೆಗೆ ಈಗಿರುವ ಕಲ್ಲಿದ್ದಲು ಸ್ಥಾವರಗಳು ನಡೆಯಲಿ, ಹೊಸದು ಬೇಡ.

ನಮ್ಮ ಪಾಲಿನ ಕೆಲಸವೂ ಇದೆ. ಕಂಟೋನ್ಮೆಂಟ್ ಭಾಗದಲ್ಲಿ ಚರ್ಚ್‌ಗಳಿಗೆ ಸೇರಿದ ಶಾಲೆಗಳು, ಆಸ್ಪತ್ರೆಗಳು ಹಲವಾರಿವೆ. ಇವುಗಳಿಗೆ ವಿದ್ಯುತ್ ಹೆಚ್ಚು ಬೇಕಾಗುವುದು ಹಗಲಲ್ಲೇ, ತಾರಸಿಯೂ ಸ್ವಂತದ್ದು. ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಶಾಲೆಯ ಒಂದು ವರ್ಷದ ಬೆಸ್ಕಾಂ ಬಿಲ್ಲುಗಳನ್ನು ಮೇಜಿನ ಮೇಲಿಟ್ಟು, ಹಗಲಿನ ಬಳಕೆ ಎಷ್ಟು, ತಾರಸಿಯ ಅಳತೆ ಎಷ್ಟು ಎಂದು ನೋಡುವುದರಿಂದ ಆರಂಭಿಸಬಹುದು. ಹಾಗೆ ಉಳಿಯುವ ಹಣದಲ್ಲಿ ಒಂದು ಪಾಲು ತಾರಸಿಯಿಲ್ಲದ ಮನೆಗಳ ಮಕ್ಕಳ ಶುಲ್ಕಕ್ಕೆ ಹೋಗಲಿ.