ಬಂಡೆಗೆ ಕಾವಲು, ಎತ್ತಿಗೆ?

ದೇವಸಮುದ್ರದ ಹೆಸರಿನಲ್ಲಿ ಸಮುದ್ರವಿದೆ. ಸೀಮೆ ಮಾತ್ರ ಮಳೆಗೆ ಬಾಯಿಬಿಡುವ ಸೀಮೆ. ಇಲ್ಲಿಯ ಚರಿತ್ರೆ ಕೇಳಿದರೆ ಪಂಡಿತರು ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ತೋರಿಸುವರು. 1892ರಲ್ಲಿ ರೈಸ್ ಸಾಹೇಬರು ಅವನ್ನು ಬೆಳಕಿಗೆ ತಂದರು. ಹಿರಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬುದು ಅವುಗಳ ಸಾರ. ಆ ಬಂಡೆಗಳಿಗೆ ಸರ್ಕಾರದ ಕಾವಲುಂಟು. ಸಂತೋಷವೇ.

ಆದರೆ ಆ ದಯೆಯನ್ನು ಅಕ್ಷರವಿಲ್ಲದೆಯೇ ನಡೆಸಿಕೊಂಡು ಬಂದ ಕಿಲಾರಿಯನ್ನು ಕೇಳುವವರಾರು? ಈ ಸೀಮೆಯ ಮ್ಯಾಸಬೇಡರು ದೇವರಿಗೆ ಬಿಟ್ಟ ಎತ್ತುಗಳನ್ನು ನೇಗಿಲಿಗೆ ಹೂಡರು, ಮಾರರು. ಕಿಲಾರಿ ಅವುಗಳ ಹಿಂದೆಯೇ ಬಾಳುವನು. ಹಾಡು, ಉರುಮೆ, ಜಾತ್ರೆಗಳೆಲ್ಲ ಆ ಎತ್ತುಗಳ ಸುತ್ತಲೇ ಬೆಳೆದವು. ನಮ್ಮ ಪಾಲಿಗೆ ಚರಿತ್ರೆಯೆಂದರೆ ಇದೂ ಹೌದು.

ದೇವರ ಹೆಸರಿನಿಂದ ಎತ್ತಿನ ಹೊಟ್ಟೆ ತುಂಬೀತೆ? ಪಕ್ಕದ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ 2007ರಿಂದೀಚೆಗೆ ಸುಮಾರು 10,000 ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಸಂಸ್ಥೆಗಳ ಪಾಲಾಯಿತು, ಗೋಡೆಗಳೆದ್ದವು, ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ವಿಜ್ಞಾನ ಬೇಡವೆನ್ನುವವರು ನಾವಲ್ಲ. ಮೇಯಿಸುವವನನ್ನು ಬಿಟ್ಟು ಮೇವಿನ ನೆಲವನ್ನು ಹಂಚಿದ್ದು ಯಾವ ನ್ಯಾಯ? ದೇವಸಮುದ್ರದಲ್ಲಾದರೂ ಗೋಮಾಳದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಆ ದಿನ ಕಿಲಾರಿಗೂ ಕರೆ ಹೋಗಲಿ.