ಮಾಣಿಯನ್ನು ಕರೆಯುವ ಬಗೆ

ಬೆಳಗಿನ ಎಂಟೂವರೆಯ ಹೊತ್ತಿಗೆ ಯಾವುದಾದರೊಂದು ತಾಲ್ಲೂಕು ಕೇಂದ್ರದ ಬಸ್ಸು ನಿಲ್ದಾಣದ ಎದುರಿಗಿರುವ ಹೋಟೆಲನ್ನು ಹೊಕ್ಕು ಐದು ನಿಮಿಷ ಕಣ್ಣು ಮುಚ್ಚಿ ಕುಳಿತರೆ ಸಾಕು. ಅಲ್ಲಿಯ ವ್ಯವಹಾರವೆಲ್ಲ ಕಿವಿಯ ಮೂಲಕವೇ ತಿಳಿದುಬರುತ್ತದೆ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಏಳುವ ಚುಂಯ್ ಎಂಬ ನಾದ, ಕಾಫಿಯನ್ನು ಎತ್ತರದಿಂದ ಲೋಟಕ್ಕೆ ಸುರಿಯುವ ಸದ್ದು, ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಉರುಳುವ ದನಿ, ಅಡುಗೆಮನೆಯ ಕಿಂಡಿಗೆ ಮುಖವಿಟ್ಟು "ಎರಡು ಮಸಾಲೆ, ಒಂದು ಖಾಲಿ" ಎಂದು ರಾಗವಾಗಿ ಕೂಗುವ ಕಂಠ, ಇವೆಲ್ಲವೂ ದುಡಿಮೆಯ ಸದ್ದುಗಳು. ಕೇಳಲು ಹಿತವಾಗಿಯೇ ಇರುತ್ತವೆ. ಇವುಗಳ ನಡುವೆ ಬೇರೊಂದು ಜಾತಿಯ ಸದ್ದುಗಳೂ ಕೇಳಿಬರುತ್ತವೆ. ಕಲ್ಲುಹಾಸಿನ ಮೇಜಿನ ಮೇಲೆ ನಾಣ್ಯ ಕುಟ್ಟುವುದು, ಲೋಟದ ಕಂಠಕ್ಕೆ ಚಮಚದಿಂದ ಬಾರಿಸುವುದು, ಚಿಟಿಕೆ ಹೊಡೆಯುವುದು, ಚಪ್ಪಾಳೆ ತಟ್ಟುವುದು, ಬೆಕ್ಕನ್ನೋ ಕೋಳಿಯನ್ನೋ ಓಡಿಸುವವರಂತೆ "ಶ್ ಶ್" ಎನ್ನುವುದು, ಕೊನೆಗೆ ಇವೆಲ್ಲವುಗಳಿಗೂ ಕಿರೀಟಪ್ರಾಯವಾದ "ಏಯ್!" ಇಷ್ಟೂ ಸದ್ದುಗಳಿಗೆ ಅರ್ಥ ಒಂದೇ. ಬಡಿಸುವವನು ತಮ್ಮ ಮೇಜಿನ ಬಳಿಗೆ ಬರಬೇಕು.

ಹಸಿದು ಬಂದವನು ಬಡಿಸುವವನನ್ನು ಕರೆಯುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಕರೆಯುವ ಬಗೆಯಲ್ಲಿ ಕರೆಯುವವನ ಸ್ವಭಾವ ಎಷ್ಟು ಬೇಗ ಬಯಲಾಗುತ್ತದೆಂಬುದು ಸೋಜಿಗದ ಸಂಗತಿ. ಕಚೇರಿಯಲ್ಲಿ ಮೇಲಧಿಕಾರಿಯ ಮುಂದೆ ಅರ್ಧ ಬಾಗಿ ನಿಲ್ಲುವ ಗುಮಾಸ್ತನು ಹೋಟೆಲಿನ ಕುರ್ಚಿಯಲ್ಲಿ ಕುಳಿತೊಡನೆ ತಾನೇ ಮೇಲಧಿಕಾರಿಯಾಗುತ್ತಾನೆ. ಮನೆಯಲ್ಲಿ ಕಾಫಿ ತಡವಾದರೆ ಮರುಮಾತಾಡದೆ ಕಾಯುವ ಗೃಹಸ್ಥನಿಗೆ ಇಲ್ಲಿ ಎರಡು ನಿಮಿಷ ತಡವಾದರೆ ಸಹನೆಯೆಲ್ಲ ಹಾರಿಹೋಗುತ್ತದೆ. ಸ್ನೇಹಿತರ ಗುಂಪಿನೊಡನೆ ಬಂದ ತರುಣನೊಬ್ಬನಿರುತ್ತಾನೆ. ಅವನು ಕೂಗುವುದು ತಿಂಡಿಗಾಗಿಯಲ್ಲ, ತಾನು ಕೂಗಬಲ್ಲೆನೆಂಬುದನ್ನು ಸ್ನೇಹಿತರಿಗೆ ತೋರಿಸುವುದಕ್ಕಾಗಿ. ಇವರೆಲ್ಲರಿಗಿಂತ ಬೇರೆಯಾದ ಇನ್ನೊಬ್ಬನಿದ್ದಾನೆ. ಅವನು ಕೈಯನ್ನು ಅರ್ಧಕ್ಕೆ ಎತ್ತುತ್ತಾನೆ. ಬಡಿಸುವವನು ನೋಡದೆ ಮುಂದೆ ಹೋದರೆ ಅದೇ ಕೈಯಿಂದ ತಲೆ ಕೆರೆದುಕೊಂಡು, ತಾನು ಕರೆಯಲೇ ಇಲ್ಲವೆಂಬಂತೆ ಗೋಡೆಯ ಮೇಲಿನ ತಿಂಡಿಯ ಪಟ್ಟಿಯನ್ನು ಮತ್ತೊಮ್ಮೆ ಓದತೊಡಗುತ್ತಾನೆ. ಸಾಧುಗಳ ಪಾಡು ಲೋಕದಲ್ಲಿ ಎಲ್ಲೆಡೆಯೂ ಹೀಗೆಯೇ.

ಇನ್ನು ಕರೆಸಿಕೊಳ್ಳುವವನ ಕಡೆಗೆ ತಿರುಗಿ ನೋಡಬೇಕು. ಅವನ ಪಾಲಿಗೆ ಐದಾರು ಮೇಜುಗಳು. ಮೇಜಿಗೆ ನಾಲ್ವರಂತೆ ಇಪ್ಪತ್ತಕ್ಕೂ ಹೆಚ್ಚು ಜನ. ಅವರಲ್ಲಿ ಒಬ್ಬನಿಗೆ ಸಕ್ಕರೆಯಿಲ್ಲದ ಕಾಫಿ, ಮತ್ತೊಬ್ಬನಿಗೆ ಸಾಂಬಾರಿನಲ್ಲಿ ಮುಳುಗಿಸಿದ ವಡೆ, ಮೂರನೆಯವನಿಗೆ ಚಟ್ನಿಯನ್ನು ಬೇರೆಯಾಗಿಟ್ಟ ಇಡ್ಲಿ. ಹಳೆಯ ಕಾಲದ ಸಪ್ಲೈಯರುಗಳು ಇವೆಲ್ಲವನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತಿರಲಿಲ್ಲ. ತಲೆಯಲ್ಲಿಯೇ ಇಟ್ಟುಕೊಂಡು, ಗಿರಾಕಿ ಕೈ ತೊಳೆದು ಬರುವಷ್ಟರಲ್ಲಿ ಲೆಕ್ಕ ಕೂಡಿ ಗಲ್ಲೆಯವರಿಗೆ ಕೂಗಿ ಹೇಳುತ್ತಿದ್ದರು. ಮಗ್ಗಿಯ ಪುಸ್ತಕವನ್ನು ಹಿಡಿದು ಒದ್ದಾಡುವ ಬಾಲಕರು ಅಂಥವರನ್ನು ಒಮ್ಮೆ ನೋಡಬೇಕು. ಎಡಗೈಯ ಮೇಲೆ ಮೊಣಕೈವರೆಗೂ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು, ಬಲಗೈಯಲ್ಲಿ ಬಿಸಿ ಲೋಟಗಳನ್ನು ಹಿಡಿದು, ಒದ್ದೆ ನೆಲದ ಮೇಲೆ ಜಾರದೆ, ಎದ್ದು ನಿಂತ ಗಿರಾಕಿಗೆ ತಾಗದೆ ಸಾಗುವುದು ಕಸರತ್ತಿಗೆ ಕಡಿಮೆಯಾದುದಲ್ಲ. ಇಂಥ ಸಮಯದಲ್ಲಿ ಹಿಂದಿನಿಂದ ಚಿಟಿಕೆಯ ಸದ್ದು ಬರುತ್ತದೆ. ಅವನು ತಿರುಗಿ ನೋಡಿದರೆ ಸಾಂಬಾರು ಯಾರದೋ ಬಿಳಿಯ ಅಂಗಿಯ ಮೇಲೆ, ನೋಡದಿದ್ದರೆ "ಕಿವಿ ಕೇಳಿಸುವುದಿಲ್ಲವೇನೋ?" ಎಂಬ ಪ್ರಶ್ನೆ. ದೋಸೆ ಬೇಯುವುದು ಕಾವಲಿಯ ಮೇಲೆ, ಅವನ ಅಂಗೈಯ ಮೇಲಲ್ಲ. ಆದರೂ ತಡವಾದುದಕ್ಕೆ ಹೊಣೆ ಹೊರುವವನು ಮಾತ್ರ ಅವನೇ. ಅಡುಗೆಯವನು ಗೋಡೆಯ ಹಿಂದೆ ಇದ್ದಾನೆ; ಮಾಲೀಕನು ಗಲ್ಲಾಪೆಟ್ಟಿಗೆಯ ಹಿಂದೆ ಇದ್ದಾನೆ; ಎದುರಿಗೆ ಸಿಕ್ಕುವವನು ಇವನೊಬ್ಬ.

ಕನ್ನಡ ಭಾಷೆಯು ಈ ವಿಷಯದಲ್ಲಿ ಮಾತನಾಡುವವನಿಗೆ ಒಂದು ಪರೀಕ್ಷೆಯನ್ನೇ ಒಡ್ಡುತ್ತದೆ. ಇಂಗ್ಲಿಷಿನಲ್ಲಿ ಎದುರಿಗಿರುವವನು ರಾಜನಾಗಲಿ ಸೇವಕನಾಗಲಿ ಸಂಬೋಧನೆಯ ಸರ್ವನಾಮ ಒಂದೇ. ಕನ್ನಡದಲ್ಲಿ ಹಾಗಲ್ಲ. "ನೀನು" ಎನ್ನಬೇಕೋ "ನೀವು" ಎನ್ನಬೇಕೋ, "ಬಾ" ಎನ್ನಬೇಕೋ "ಬನ್ನಿ" ಎನ್ನಬೇಕೋ ಎಂಬುದನ್ನು ಬಾಯಿ ತೆರೆಯುವ ಮೊದಲೇ ನಿರ್ಧರಿಸಿಕೊಳ್ಳಬೇಕು. ನೀರು ತಂದಿಡುವವನ ತಲೆ ಪೂರಾ ನರೆತಿದ್ದರೂ, ಅವನ ಮೊಮ್ಮಗನ ವಯಸ್ಸಿನವನು ಯಾವ ಅಳುಕೂ ಇಲ್ಲದೆ "ನೀರು ತಾರೋ" ಎಂದುಬಿಡುವುದುಂಟು. ಅದೇ ಹುಡುಗನು ದಾರಿಯಲ್ಲಿ ಅಂಥದೇ ವಯಸ್ಸಿನ ಅಪರಿಚಿತನೊಬ್ಬನನ್ನು ಕಂಡರೆ "ಅಜ್ಜಾ, ಬಸ್ಸು ಹೋಯಿತೇ?" ಎಂದು ಕೇಳುತ್ತಾನೆ. ದಾರಿಯಲ್ಲಿದ್ದ ಅಜ್ಜನು ಹೋಟೆಲಿನ ಬಾಗಿಲು ದಾಟಿ ಹೆಗಲ ಮೇಲೆ ಮೇಜು ಒರೆಸುವ ಬಟ್ಟೆಯನ್ನು ಹಾಕಿಕೊಂಡ ಕ್ಷಣವೇ ಅಜ್ಜತನವನ್ನು ಕಳೆದುಕೊಳ್ಳುವುದು ಯಾವ ವ್ಯಾಕರಣದ ನಿಯಮದಂತೆ?

"ಮಾಣಿ" ಎಂಬ ಶಬ್ದದ ಕಥೆಯೂ ಇದೇ ಬಗೆಯದು. ವಟು, ಹುಡುಗ ಎಂಬ ಅರ್ಥದ ಈ ಶಬ್ದಕ್ಕೆ ಸಂಸ್ಕೃತದ "ಮಾಣವ" ಎಂಬುದರೊಡನೆ ನಂಟು. ಕುಂದಾಪುರದ ಕಡೆಯ ಮನೆಗಳಲ್ಲಿಯೂ ಹವ್ಯಕರ ಮನೆಗಳಲ್ಲಿಯೂ ತಾಯಂದಿರು ಇಂದಿಗೂ ಮಗನನ್ನು ಅಕ್ಕರೆಯಿಂದ ಕರೆಯುವುದು ಹೀಗೆಯೇ. ಕರಾವಳಿಯ ಬಡ ಕುಟುಂಬಗಳ ಹುಡುಗರು ಬೆಂಗಳೂರು, ಮದರಾಸು, ಮುಂಬಯಿಗಳ ಉಡುಪಿ ಹೋಟೆಲುಗಳಿಗೆ ದುಡಿಯಲು ಹೋದಾಗ ಈ ಶಬ್ದವೂ ಅವರ ಜೊತೆಯಲ್ಲಿ ಹೋಯಿತು. ಹೋದ ಹುಡುಗರು ಅಲ್ಲಿಯೇ ಮುದುಕರಾದರು. ಶಬ್ದ ಮಾತ್ರ ಹುಡುಗನಾಗಿಯೇ ಉಳಿಯಿತು, ಅದರೊಳಗಿನ ಅಕ್ಕರೆ ದಾರಿಯಲ್ಲೆಲ್ಲೋ ಸೋರಿಹೋಯಿತು. ಆ ಹುಡುಗರು ಎಂಥವರೆಂಬುದನ್ನು ನೆನೆಯಬೇಕು. ಹಗಲೆಲ್ಲ ಎಂಜಲು ತಟ್ಟೆ ತೊಳೆದು ಇರುಳಿನಲ್ಲಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತು ಓದಿದವರು ಅವರಲ್ಲಿ ಅನೇಕರು. ಮುಂದೆ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿ ಹೆಸರುವಾಸಿಯಾದ ಕೆ. ಕೃಷ್ಣರಾಯರು ಕೂಡ ಕರಾವಳಿಯ ಹಳ್ಳಿಯಿಂದ ಬಂದು ಹೋಟೆಲಿನ ಕೆಳಗಿನ ಕೆಲಸಗಳಿಂದಲೇ ತೊಡಗಿದವರು. ಅವರನ್ನೂ ಒಂದು ಕಾಲಕ್ಕೆ ಯಾರೋ "ಏಯ್" ಎಂದು ಕರೆದಿದ್ದಿರಬೇಕು.

ಬಡಿಸುವುದು ಹೀನವಾದ ಕೆಲಸವೆಂಬ ಭಾವನೆ ಈ ನಾಡಿನ ಹಳೆಯ ನಡವಳಿಕೆಯಲ್ಲಿ ಇದ್ದುದೇ? ಹಾಗೆ ಕಾಣುವುದಿಲ್ಲ. ಮದುವೆಯ ಮನೆಯ ಪಂಕ್ತಿಯನ್ನೋ, ಧರ್ಮಸ್ಥಳ, ಶೃಂಗೇರಿಗಳ ಭೋಜನಶಾಲೆಯನ್ನೋ ನೋಡಿದವರಿಗೆ ಇದು ತಿಳಿದೇ ಇದೆ. ಅಲ್ಲಿ ಉಣ್ಣುವವನು ಕೂಗುವುದಿಲ್ಲ. ಬಡಿಸುವವನೇ "ಸಾರು, ಸಾರು" ಎಂದು ಕೂಗುತ್ತಾ ಬರುತ್ತಾನೆ. ಬೇಡವೆನ್ನುವವನು ಎಲೆಯ ಮೇಲೆ ಅಂಗೈಯನ್ನು ಅಡ್ಡ ಹಿಡಿದರಾಯಿತು. ಮನೆಯ ಯಜಮಾನನೇ ಪಂಚೆಯನ್ನು ಎತ್ತಿಕಟ್ಟಿ ತುಪ್ಪದ ಗಿಂಡಿ ಹಿಡಿದು ಬಂದನೆಂದರೆ ಅದು ಅವನಿಗೆ ಗೌರವ, ಉಣ್ಣುವವನಿಗೆ ಸಂಭ್ರಮ. ಅದೇ ಅನ್ನ, ಅದೇ ಸಾರು, ಬಾಗಿ ಬಡಿಸುವ ಭಂಗಿಯೂ ಅದೇ. ಹೋಟೆಲಿನಲ್ಲಿ ಹೊಸದಾಗಿ ಸೇರಿದುದು ಹಣವೊಂದೇ. ತಿಂಡಿಗೆ ಕೊಟ್ಟ ಬೆಲೆಯಲ್ಲಿ ತಂದಿಟ್ಟವನ ಮಾನದ ಬೆಲೆಯೂ ಸೇರಿದೆಯೆಂದು ಕೆಲವರು ಲೆಕ್ಕ ಹಾಕಿಕೊಂಡಿರುವಂತೆ ತೋರುತ್ತದೆ. ಬಿಲ್ಲಿನಲ್ಲಿ ಆ ಬಾಬತ್ತು ಎಲ್ಲಿಯೂ ಬರೆದಿರುವುದಿಲ್ಲ.

ಹೋಟೆಲಿನ ಒಳಗೆ ಯಾರು ಕುಳಿತುಕೊಳ್ಳಬಹುದೆಂಬುದೇ ಒಂದು ಕಾಲಕ್ಕೆ ಜಗಳದ ವಿಷಯವಾಗಿತ್ತು. "ಬ್ರಾಹ್ಮಣರಿಗೆ ಮಾತ್ರ" ಎಂಬ ಹಲಗೆ ತೂಗುಹಾಕಿದ ಕೋಣೆಗಳು ಇದ್ದವು. ದಲಿತರಿಗೆ ಹೊರಗಡೆ ಬೇರೆಯ ಲೋಟವಿಡುವ ನಾಚಿಕೆಗೇಡಿನ ಪದ್ಧತಿ ಇತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿಯು ಹೋಟೆಲುಗಳನ್ನು ಹೆಸರಿಸಿಯೇ, ಅಲ್ಲಿಗೆ ಪ್ರವೇಶಿಸಲು ಜಾತಿಯ ಅಡ್ಡಿಯಿರಕೂಡದೆಂದು ಸಾರಿತು. ಅಸ್ಪೃಶ್ಯತೆಯ ಆಚರಣೆಯನ್ನು ದಂಡಿಸುವ ಕಾನೂನು 1955ರಲ್ಲಿ ಬಂದಿತು. ಇನ್ನು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲಿನ ದುಡಿಮೆಗೆ ಹಚ್ಚಬಾರದೆಂಬ ನಿಷೇಧವು ಜಾರಿಗೆ ಬಂದುದು 2006ರ ಅಕ್ಟೋಬರ್ 10ರಂದು. ಒಂಬತ್ತನೆಯ ತರಗತಿಯ ಬೆಂಚಿನ ಮೇಲೆ ಕುಳಿತವರು ಈ ವಯಸ್ಸಿನ ಗೆರೆಯನ್ನು ಇದೀಗ ಮುಟ್ಟಿದವರು ಅಥವಾ ದಾಟಿದವರು. ಇವರಷ್ಟೇ ವಯಸ್ಸಿನ ಮಾಣಿಗಳು ತಮ್ಮ ಅಜ್ಜಂದಿರಿಗೆ ಕಾಫಿ ತಂದಿಟ್ಟಿದ್ದರು. ಕಾನೂನಿನ ಕೈ ಇಷ್ಟು ದೂರ ಚಾಚಬಲ್ಲುದು. ಒಳಗೆ ಬಂದು ಕುಳಿತವನು "ಬಾ" ಎನ್ನಬೇಕೋ "ಬನ್ನಿ" ಎನ್ನಬೇಕೋ ಎಂದು ಯಾವ ಶಾಸನಸಭೆಯೂ ಗೊತ್ತುಪಡಿಸಲಾರದು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಉಪಾಹಾರಗೃಹಗಳ ಶುಚಿತ್ವವನ್ನು ಕಂಡು ಮೆಚ್ಚಿ, ಹಿಂದಿರುಗಿದ ಮೇಲೆ ತಮ್ಮಲ್ಲಿಯೂ ಪಾತ್ರೆಗಳನ್ನು ಕ್ರಿಮಿರಹಿತವಾಗಿಸುವ ಏರ್ಪಾಡು ಮಾಡಿದರು. ಪಾತ್ರೆಗಾದರೆ ಅದು ಸಾಧ್ಯ. ಗಿರಾಕಿಗಳ ನಾಲಗೆಯನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯುವ ಯಂತ್ರ ಯೂರೋಪಿನಲ್ಲಿಯೂ ಇರಲಿಲ್ಲವೆಂದು ಕಾಣುತ್ತದೆ.

"ಇದೆಲ್ಲ ಹೇಳುವುದಕ್ಕೆ ಚೆನ್ನ, ಕೂಗದೆ ಇದ್ದರೆ ಅವನು ಬರುವುದೇ ಇಲ್ಲವಲ್ಲ" ಎಂದು ಅನುಭವಸ್ಥರು ಹೇಳುತ್ತಾರೆ. ಈ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಸಂತೆಗೆ ಬಂದ ಹಳ್ಳಿಯ ಮುದುಕನೊಬ್ಬನು ಮೂಲೆಯ ಕುರ್ಚಿಯಲ್ಲಿ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಾನೆ. ಅವನ ಅನಂತರ ಬಂದ ಇಸ್ತ್ರಿಯ ಅಂಗಿಯವರು ತಿಂದು, ಕುಡಿದು, ಎದ್ದು ಹೋಗಿರುತ್ತಾರೆ. ಅವನ ಮುಂದೆ ನೀರಿನ ಲೋಟವೂ ಬಂದಿರುವುದಿಲ್ಲ. ಮಾತಿನಲ್ಲಿ ಮೇಲುಕೀಳು ಮಾಡುವವರು ಗಿರಾಕಿಗಳಾದರೆ, ಕಣ್ಣಿನಲ್ಲಿ ಮೇಲುಕೀಳು ಮಾಡುವವರು ಸಪ್ಲೈಯರುಗಳಲ್ಲಿಯೂ ಇದ್ದಾರೆ. ಯಾರು ಮೇಜು ಕುಟ್ಟಿದರೋ ಅವರಿಗೆ ಮೊದಲು ತಂದಿಡುವುದರಿಂದ, ಮೇಜು ಕುಟ್ಟುವ ವಿದ್ಯೆಯನ್ನು ಕಲಿಸಿದವರಲ್ಲಿ ಅವರ ಪಾಲೂ ಇದೆ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳೆಂಬ ಗಾದೆಯನ್ನು ನಂಬಿದವರು ಹೋಟೆಲಿನಲ್ಲಿ ಅತ್ತು ಕೂಗುವುದು ಆಶ್ಚರ್ಯವಲ್ಲ. ಇಬ್ಬರು ಮಾಡಬೇಕಾದ ಕೆಲಸಕ್ಕೆ ಒಬ್ಬನನ್ನೇ ಇಟ್ಟುಕೊಂಡ ಮಾಲೀಕನು ಈ ಗದ್ದಲದ ನಡುವೆ ನಿಶ್ಚಿಂತೆಯಿಂದ ನೋಟು ಎಣಿಸುತ್ತಿರುತ್ತಾನೆಂಬುದನ್ನೂ ಮರೆಯಬಾರದು. ಆದರೆ ಇಷ್ಟನ್ನು ಒಪ್ಪಿಕೊಂಡ ಮೇಲೆಯೂ ಒಂದು ಮಾತು ಉಳಿಯುತ್ತದೆ. ಗಟ್ಟಿಯಾಗಿ ಕರೆಯುವುದು ಬೇರೆ, ಹೀನವಾಗಿ ಕರೆಯುವುದು ಬೇರೆ. "ಅಣ್ಣಾ, ಇಲ್ಲೊಂದಿಷ್ಟು ನೋಡಿ" ಎಂಬುದನ್ನು ಎಷ್ಟು ಗಟ್ಟಿಯಾಗಿ ಬೇಕಾದರೂ ಹೇಳಬಹುದು. ಅದರಿಂದ ಯಾರ ಮಾನವೂ ಹೋಗುವುದಿಲ್ಲ. ಕರೆಯುವ ಹೊತ್ತನ್ನು ಅರಿತವನಿಗಂತೂ ಅಷ್ಟೂ ಬೇಕಿಲ್ಲ. ತುಂಬಿದ ಕೈಯಲ್ಲಿ ಬರುವವನನ್ನು ಬಿಟ್ಟು, ತಟ್ಟೆಗಳನ್ನು ಇಳಿಸಿ ಬರಿಗೈಯಲ್ಲಿ ಹಿಂದಿರುಗುವವನ ಕಣ್ಣನ್ನು ಹಿಡಿದರೆ ಹುಬ್ಬು ಎತ್ತಿದರೂ ಸಾಕು.

ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಈ ಕಲೆ ಸಹಜವಾಗಿಯೇ ಬೆಳೆದುಬಂದಿದೆ. ಅಲ್ಲಿ ರೊಟ್ಟಿ ಬಡಿಯುವವಳು "ಅಕ್ಕಾ" ಅಥವಾ "ಅವ್ವಾ". ಬಡಿಸುವವನು "ಅಣ್ಣಾ" ಅಥವಾ "ತಮ್ಮಾ". "ಇನ್ನೊಂದು ರೊಟ್ಟಿ ಹಾಕ್ರಿ" ಎನ್ನುವಾಗ ಆ "ರಿ" ಎಂಬ ಒಂದಕ್ಷರವು ಮಾಡುವ ಕೆಲಸವನ್ನು ದೊಡ್ಡ ದೊಡ್ಡ ಉಪದೇಶಗಳು ಮಾಡಲಾರವು. ಕರಾವಳಿಯಲ್ಲಿ "ಮಾರಾಯ್ರೇ" ಎಂಬುದಿದೆ; ಅದರಲ್ಲಿ ಕೋಪವನ್ನೂ ಗೌರವವನ್ನೂ ಒಟ್ಟಿಗೆ ತುಂಬಬಹುದು. ಹೀಗಿರುವಾಗ ಕನ್ನಡದಲ್ಲಿ ಕರೆಯುವುದಕ್ಕೆ ಒಳ್ಳೆಯ ಮಾತುಗಳಿಲ್ಲವೆಂದು ಯಾರೂ ಹೇಳುವಂತಿಲ್ಲ.

1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಹುಟ್ಟಿಕೊಂಡ ಮೇಲೆ ಈ ಸಮಸ್ಯೆಯೇ ತೀರಿತೆಂದು ಕೆಲವರು ಭಾವಿಸಿದರು. ಅಲ್ಲಿ ಹಣ ಕೊಟ್ಟು ಚೀಟಿ ಪಡೆದು, ತಿಂಡಿಯನ್ನು ತಾನೇ ಎತ್ತಿ ತಂದು, ನಿಂತೇ ತಿನ್ನಬೇಕು. ಕರೆಯುವ ಪ್ರಮೇಯವೇ ಇಲ್ಲ. ಆದರೆ ಅಲ್ಲಿಯೂ ಒಬ್ಬನಿರುತ್ತಾನೆ. ನೀಲಿಯ ಅಂಗಿ ತೊಟ್ಟು, ಚಕ್ರದ ಗಾಡಿಯನ್ನು ತಳ್ಳುತ್ತಾ, ತಿಂದು ಬಿಟ್ಟ ತಟ್ಟೆಗಳನ್ನು ಆರಿಸಿ ಮೇಜು ಒರೆಸುವ ಅವನು ಎಷ್ಟೋ ವೇಳೆ ಒಡಿಶಾದಿಂದಲೋ ಬಿಹಾರದಿಂದಲೋ ಅಸ್ಸಾಮಿನಿಂದಲೋ ಎರಡು ದಿನ ರೈಲಿನಲ್ಲಿ ಕುಳಿತು ಬಂದವನು. ಅವನನ್ನು ಯಾರೂ "ಏಯ್" ಎನ್ನುವುದಿಲ್ಲ, ನಿಜ. ಏಕೆಂದರೆ ಯಾರೂ ಅವನನ್ನು ನೋಡುವುದೇ ಇಲ್ಲ. ಮಾತನಾಡುತ್ತಿರುವವರು ಮಾತು ನಿಲ್ಲಿಸದೆ ಮೊಣಕೈಯನ್ನಷ್ಟೇ ಎತ್ತುತ್ತಾರೆ. ಅವನು ಅದರ ಅಡಿಯಲ್ಲಿ ಒರೆಸಿ ಮುಂದೆ ಹೋಗುತ್ತಾನೆ. ಕೆಟ್ಟದಾಗಿ ಕರೆಸಿಕೊಳ್ಳುವುದಕ್ಕೂ ಕಾಣದೆಯೇ ಹೋಗುವುದಕ್ಕೂ ಹೋಲಿಸಿದರೆ ಯಾವುದು ಹಗುರವೆಂಬುದನ್ನು ಅವನೊಬ್ಬನೇ ಹೇಳಬಲ್ಲ. ಅವನ ಭಾಷೆ ಗಿರಾಕಿಗಳಿಗೆ ಬಾರದು.

ಮಧ್ಯಾಹ್ನ ಮೂರು ಗಂಟೆಯ ವೇಳೆಗೆ ಹೋಟೆಲಿನ ಗದ್ದಲ ತಗ್ಗುತ್ತದೆ. ಕುರ್ಚಿಗಳು ಬರಿದಾಗುತ್ತವೆ. ಆಗ ಒಳಗಿನ ಕೋಣೆಯಲ್ಲಿ, ಅಕ್ಕಿಯ ಮೂಟೆಗಳ ಪಕ್ಕದಲ್ಲಿ, ಸಪ್ಲೈಯರುಗಳೂ ಕ್ಲೀನರ್ ಹುಡುಗರೂ ಸಾಲಾಗಿ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಬೆಳಗಿನಿಂದ ಬೆಂಕಿಯ ಮುಂದೆ ನಿಂತ ಭಟ್ಟರು ಸೌಟು ಹಿಡಿದು ಬಂದು, ಅವರಲ್ಲಿ ಎಲ್ಲರಿಗಿಂತ ಹಿರಿಯನಾದ ಸಪ್ಲೈಯರನ ತಟ್ಟೆಯ ಮುಂದೆ ಬಾಗಿ, "ಇನ್ನು ಸ್ವಲ್ಪ ಹುಳಿ ಹಾಕಲೇ?" ಎಂದು ಕೇಳುತ್ತಾರೆ. ಅವನು ಬಾಯಲ್ಲಿ ತುತ್ತಿರುವುದರಿಂದ ಮಾತನಾಡದೆ ತಟ್ಟೆಯ ಮೇಲೆ ಅಂಗೈಯನ್ನು ಅಡ್ಡ ಹಿಡಿಯುತ್ತಾನೆ.